ಕಂಡಿಯ ಕೆಳಗೆ ಹತ್ತುಮೀನು

ಮೊದಲ ಜೋರು ಮಳೆಗೆ, ಹಳ್ಳದ ಕೆಂಪು ನೀರಿಗೆ ಎದುರಾಗಿ ಮೊಟ್ಟೆಯಿಡಲು ಏರಿ ಬರುವ ಮೀನಿಗೆ ನಮ್ಮ ಕಡೆ ಹತ್ತುಮೀನು ಎನ್ನುತ್ತಾರೆ. ನಮ್ಮ ತೋಟದ ಹಳ್ಳದಲ್ಲಿ ಅವು ಹತ್ತುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ ಎಂದೇ ನಂಬಿದ್ದೆ. ಅಮ್ಮನನ್ನು ಕೇಳಿದರೆ, "ಅದು ಬಾಳೂರಲ್ಲಿ ಕಣೋ, ಅಜ್ಜಿಮನೆ ಗದ್ದೆ ಹತ್ರ. ಇಲ್ಲೆಲ್ಲಿತ್ತು?" ಎಂದರು. ನೆನಪು ಸಾಕ್ಷಿಯಲ್ಲ ಎಂದು ಜೀವಶಾಸ್ತ್ರ ಓದಿದ ನನಗೆ ಗೊತ್ತು. ಆದರೆ ನನ್ನ ಬಳಿ ಬೇರೇನೂ ಇರಲಿಲ್ಲ.

ಕಾಫಿ ಹೂವಿನ ಕಾಲಕ್ಕೆ ಸ್ಪ್ರಿಂಕ್ಲರಿಗೆ ನೀರು ಬೇಕೆಂದು ಚಿಕ್ಕಪ್ಪ ಈ ಬೇಸಿಗೆಯಲ್ಲಿ ಹಳ್ಳಕ್ಕೆ ಅಡ್ಡ ಕಾಂಕ್ರೀಟ್ ಗೋಡೆ ಕಟ್ಟಿಸಿದರು. ಕಾಡಿ ಬೇಡಿ, ಮೀನು ಹತ್ತಿ ದಾಟಲೆಂದು ನಡುವೆ ಒಂದು ಕಂಡಿ ಬಿಡಿಸಿದೆ.

"ಹತ್ತುಮೀನಾ? ನಂಗೆ ಒಂದೂ ಕಂಡಿಲ್ಲ ಮಾರಾಯ, ನಿಂಗೆ ಹತ್ತು ಕಂಡ್ವಾ?" ಎಂದು ನಕ್ಕರು. ಆಮೇಲೆ, "ಒಂದೇ ಒಂದು ಹತ್ತಿದ್ದು ತೋರಿಸು, ಕಂಡಿ ಹಾಗೇ ಇರ್ಲಿ. ಇಲ್ಲಾಂದ್ರೆ ಮಳೆ ಸ್ವಲ್ಪ ನಿಂತು ಹೊಳವು ಕೊಟ್ಟ ಕೂಡ್ಲೆ ಮುಚ್ಚಿಸ್ತೀನಿ" ಎಂದರು.

ಮಳೆ ಹಿಡಿದ ದಿನ ಬೆಳಗ್ಗೆಯೇ ಹೋಗಿ ಗೋಡೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತೆ. ಮೇಲಿನ ತೋಟಗಳ ಮಣ್ಣು ಕೊಚ್ಚಿ ಬಂದು ಕಲ್ಲಿನ ಸಂದಿಗಳನ್ನೆಲ್ಲ ತುಂಬಿತ್ತು. ಕಲ್ಲು ಮಗುಚಿದರೆ ಏಡಿಯಿಲ್ಲ, ಅಂಟಿಕೊಂಡ ಒಂದು ಹುಳವೂ ಇಲ್ಲ. ತೇಲಿ ಬಂದ ಎಲೆ ಹೊರಳಿದರೂ ಮೀನೆಂದು ಬಗ್ಗಿ ನೋಡುತ್ತಿದ್ದೆ.

ಮಧ್ಯಾಹ್ನ ಒಂದು ಮೀನು ಬಂತು. ಗೋಡೆಯ ಬುಡಕ್ಕೆ ಮೂತಿ ಗುದ್ದಿತು, ಜಾರಿತು, ಮತ್ತೆ ಗುದ್ದಿತು. ಕಂಡಿ ಒಂದು ಗೇಣು ಮೇಲಿತ್ತು, ಹಾರಿದರೆ ಸಿಗುವಷ್ಟು. ಮರೆಯಾದರೆ ನಾಳೆ ನಾನೇ ಇದನ್ನು ನಂಬಲಾರೆ ಎಂಬ ಭಯದಲ್ಲಿ ಎರಡೂ ಕೈಯಿಂದ ಬಾಚಿ ಹಿಡಿದೆ. ಕೊಡೆ ಮಗುಚಿ ನೀರು ತುಂಬಿ, ಅದರಲ್ಲಿ ಹಾಕಿಕೊಂಡು ಮನೆಗೆ ಓಡಿದೆ.

ಚಿಕ್ಕಪ್ಪ ಬಗ್ಗಿ ನೋಡಿದರು. ಈ ಸಲ ನಗಲಿಲ್ಲ. "ಹೊಟ್ಟೆ ತುಂಬ ಮೊಟ್ಟೆ, ಪಾಪ. ಆದ್ರೆ ಇದು ಹತ್ತಿ ಬಂದಿದ್ದೋ, ಮೇಲಿನ ಕೆರೆ ತುಂಬಿ ಕೊಚ್ಚಿ ಬಂದಿದ್ದೋ? ಕಂಡಿ ಹತ್ತೋದು ನೋಡ್ದ್ಯಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಹತ್ತೋಕೆ ಮುಂಚೆನೇ ಹಿಡ್ದುಬಿಟ್ಟೆ, ಚಿಕ್ಕಪ್ಪ."

"ಅಯ್ಯೋ ಮಾರಾಯ!"

ಮತ್ತೆ ಓಡಿ, ಗೋಡೆಯ ಮೇಲ್ಬದಿಯಲ್ಲಿ ಬಿಟ್ಟೆ. ಒಂದು ಕ್ಷಣ ನೀರಿಗೆ ಎದುರಾಗಿ ನಿಂತಿತು. ಆಮೇಲೆ ಪಕ್ಕಕ್ಕೆ ವಾಲಿ, ಕಂಡಿಯಿಂದಲೇ ಕೆಳಕ್ಕೆ ಹೋಯಿತು. ಇಳಿದು ನೊರೆಯಲ್ಲಿ ಕೈಯಾಡಿಸಿದೆ. ಸಿಗಲಿಲ್ಲ.

ವಾರದೊಳಗೆ ಕಂಡಿ ಮುಚ್ಚಿದರು. ಈಗಲೂ ಮಳೆ ಬಂದರೆ ಹೋಗಿ ಗೋಡೆಯ ಬುಡದಲ್ಲಿ ನಿಲ್ಲುತ್ತೇನೆ. ಒಮ್ಮೊಮ್ಮೆ ಕಾಂಕ್ರೀಟಿಗೆ ಏನೋ ಗುದ್ದಿದಂತಾಗುತ್ತದೆ. ಗುದ್ದಿತು ಎಂದು ಹೇಳುವ ಧೈರ್ಯ ನನಗಿಲ್ಲ.