ನೀರುಮಟ್ಟದ ಬೇಲಿ

ಪೈಪಿಗೆ ಬಾಯಿಟ್ಟು ಬಕೆಟ್ಟಿನ ನೀರೆಳೆಯುವಾಗ ಅವರ ಗಲ್ಲಗಳೆರಡೂ ಗುಳಿಬೀಳುತ್ತಿದ್ದವು. ಬಾಯಿಗೆ ಬಂದ ನೀರನ್ನು ಉಗುಳಿ, ಒದ್ದೆ ಗಡ್ಡವನ್ನು ತೋಳಿಗೆ ಒರೆಸಿಕೊಂಡು, ಆ ಉದ್ದನೆಯ ಪಾರದರ್ಶಕ ಪೈಪಿನ ಒಂದು ತುದಿಯನ್ನು ವಾಚ್‌ಮನ್ ಕೈಗೆ ಕೊಟ್ಟು, "ಹಿಲ್ನಾ ನಕ್ಕೋ" ಎಂದು, ಅಲ್ಲಾಡದಂತೆ ಗದರುತ್ತಿದ್ದರು.

ಅವರು ಮುಂಬಯಿ ಭಾಂಡುಪಿನ ನಮ್ಮ ಹೌಸಿಂಗ್ ಸೊಸೈಟಿಯ ಮಾಲಿ. ನಮಗೆಲ್ಲ ಚಾಚಾ. ವಿಜಯಪುರದ ಕಡೆಯವರು. ಮೂವತ್ತು ವರ್ಷ ಮುಂಬಯಿಯಲ್ಲಿ ಗೌಂಡಿಯಾಗಿ ಗೋಡೆ ಕಟ್ಟಿ, ಮೊಣಕಾಲು ಸೋತ ಮೇಲೆ ಗಿಡ ಕತ್ತರಿಸಲು ಬಂದವರು. ಗೇಟಿನಿಂದ ಹಿಂಗೋಡೆಯವರೆಗೆ ನಮ್ಮದು ಡುರಾಂಟಾ ಬೇಲಿ. ವರ್ಷವಿಡೀ ಹಸಿರು, ಹದಿನೈದು ದಿನ ಬಿಟ್ಟರೆ ಸಾಕು, ತಲೆ ಕೆದರಿಕೊಂಡು ನಿಲ್ಲುತ್ತದೆ. ಬೇರೆ ಮಾಲಿಗಳು ಕಣ್ಣಂದಾಜಿನಲ್ಲಿ ಕತ್ತರಿ ಆಡಿಸುತ್ತಾರೆ. ಇವರು ಗೋಡೆಗೆ ಮಟ್ಟ ನೋಡುವಂತೆ ಪೈಪಿನ ಎರಡೂ ತುದಿಯಲ್ಲಿ ನೀರು ಎಲ್ಲಿ ನಿಂತಿದೆಯೆಂದು ಗುರುತು ಮಾಡಿ, ದಾರ ಕಟ್ಟಿ, ದಾರದುದ್ದಕ್ಕೂ ಕತ್ತರಿಸುತ್ತಿದ್ದರು.

ಇಷ್ಟೆಲ್ಲ ಮಾಡಿದ ಮೇಲೂ ಬೇಲಿ ಸೊಟ್ಟಗೆ ಕಾಣುತ್ತಿತ್ತು! ಗೇಟಿನ ಬಳಿ ಮೊಣಕಾಲೆತ್ತರ, ಹಿಂದೆ ಎದೆಯೆತ್ತರ. ಚೇರ್ಮನ್ನರಂತೂ ದಿನಾ ಕಾರು ನಿಲ್ಲಿಸಿ, "ಮ್ಯಾಡಂ, ಟೇಢಾ ಹೈ" ಎನ್ನುವರು. ನಾನು ಸೆಕ್ರೆಟರಿ. ನನಗೂ ಹಾಗೆಯೇ ಕಾಣುತ್ತಿತ್ತು. ಮನೆಯಲ್ಲಿ ಹೇಳಿದರೆ ಯಜಮಾನರು, "ನಿನ್ನ ಕಣ್ಣಿಗೆ ನಾನೂ ಸೊಟ್ಟನೇ" ಎಂದು ನಕ್ಕುಬಿಟ್ಟರು.

ಕೇಳಿದಾಗ ಚಾಚಾ ಹೇಳಿದ್ದಿಷ್ಟು: "ಬೇಲಿ ಸಮಾ ಐತ್ರಿ ಅಕ್ಕಾರ. ನೆಲಾನ ಇಳಿಜಾರ ಐತಿ. ಅದಕ್ಕ ನಾ ಏನ್ ಮಾಡ್ಲಿ?"

ನಾನು ನೆಲ ನೋಡಿದೆ, ನೆಲ ಸರಿಯಾಗಿಯೇ ಇತ್ತು. ಬೇಲಿ ನೋಡಿದೆ, ಸೊಟ್ಟ. ಅವರ ಮುಖ ನೋಡಿದರೆ ಅದರಲ್ಲಿ ಸುಳ್ಳಿರಲಿಲ್ಲ. ತಲೆ ಕೆಟ್ಟುಹೋಯಿತು.

ಮೇ ತಿಂಗಳ ಮೀಟಿಂಗಿನಲ್ಲಿ ತೀರ್ಮಾನವಾಯಿತು: ನೆಲದುದ್ದಕ್ಕೂ ಒಂದೇ ಎತ್ತರಕ್ಕೆ ಕತ್ತರಿಸಲಿ, ಇಲ್ಲವೇ ಬೇರೆ ಮಾಲಿ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಚಾಚಾ ದನಿ ಏರಿಸಲಿಲ್ಲ. "ಹಂಗ ಮಾಡಾಕ ಕೈ ಬರಂಗಿಲ್ರಿ" ಎಂದರು. ಪೈಪನ್ನು ಸುತ್ತಿ ನನ್ನ ಕೈಗಿಟ್ಟು, "ಒಮ್ಮಿ ನೀವ ಹಿಡದ್ ನೋಡ್ರಿ" ಎಂದು ಗೇಟು ದಾಟಿದರು. ನಾನು ಅದನ್ನು ಮೀಟರ್ ರೂಮಿನಲ್ಲಿ ಎಸೆದು ಮರೆತೆ.

ಹೊಸಬ ಬರುವ ಮೊದಲೇ ಮಳೆ ಬಂತು. ಬೆಳಿಗ್ಗೆ ಎದ್ದರೆ ಕಂಪೌಂಡಿನಲ್ಲಿ ನೀರು. ಗೇಟಿನ ಬಳಿ ಪಾದ ಮುಳುಗುವಷ್ಟು, ಹಿಂದೆ ತೊಡೆಯವರೆಗೆ. ಬಾಲ್ಕನಿಯಿಂದ ಬೇಲಿ ನೋಡಿ ದಂಗಾದೆ. ಹೊಸ ಚಿಗುರು ಕೆದರಿದ್ದರೂ ನೀರಿನ ಮೇಲೆ ಅದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಎತ್ತರ! ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಮೊಣಕೈ ಇಟ್ಟು ಅಳೆದೆ. ಎಲ್ಲೆಲ್ಲೂ ಒಂದು ಮೊಳ. ನಾಚಿಕೆಯಾಯಿತು. ಸಂಜೆ ನೀರಿಳಿಯಿತು, ಬೇಲಿ ಮತ್ತೆ ಸೊಟ್ಟಗೆ ಕಂಡಿತು.

ಚಾಚಾ ಫೋನಿಗೆ ಸಿಗಲಿಲ್ಲ. ಮಳೆಗೆ ನಿಂತಿದ್ದ ಲೋಕಲ್ ರೈಲು ಶುರುವಾದ ಮೇಲೆ ಬೈಕುಲ್ಲಾಕ್ಕೆ ಹೋದೆ. ಅಲ್ಲಿ ಅವರ ತಮ್ಮನ ಮಗ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ.

"ಊರಿಗಿ ಹ್ವಾದ್ರು ಅಕ್ಕಾ. ಎಂಟ್ ದಿನಕ್ಕ ಎದಿ ನೋವ್ ಬಂತು, ಖತಮ್" ಎಂದ.

ಬೈದುಕೊಂಡರೇ ನಮ್ಮನ್ನು, ಎಂದು ಕೇಳಿದೆ.

"ಇಲ್ರಿ. ಊರಿಗಿ ಹೋಗೂತನಕ 'ಪೈಪ್ ಅಲ್ಲೇ ಐತಿ. ಅಕ್ಕಾರ ಹಿಡದ್ ನೋಡಿ, ಫೋನ್ ಮಾಡತಾರ. ಆಗ ಮತ್ತ ಕೆಲಸಕ್ಕ ಹೋಗತೀನಿ' ಅಂತಿದ್ರು. ದಿನಾ ಫೋನ್ ಚಾರ್ಜಿಗಿ ಹಚ್ಚತಿದ್ರು."

ಅವರು ಪೈಪ್ ಕೊಟ್ಟದ್ದು ಮುನಿಸಿನಿಂದ ಎಂದುಕೊಂಡಿದ್ದೆ. ಅಷ್ಟೊಂದು ನಂಬಿಕೆ ಅವರಿಗೆ ನನ್ನಲ್ಲಿ ಏಕಿತ್ತೋ, ಇಂದಿಗೂ ತಿಳಿಯುತ್ತಿಲ್ಲ.

ಚೇರ್ಮನ್ನರು ಏನೇ ಅನ್ನಲಿ, ಈಗಲೂ ಹದಿನೈದು ದಿನಕ್ಕೊಮ್ಮೆ ನಾನೇ ಪೈಪಿನ ಒಂದು ತುದಿ ಹಿಡಿದು ನಿಲ್ಲುತ್ತೇನೆ. ಹೊಸ ಮಾಲಿ ಆ ತುದಿಯಿಂದ, "ಟೇಢಾ ದಿಖ್ತಾ ಹೈ, ಮ್ಯಾಡಂ" ಎನ್ನುತ್ತಾನೆ. ನನಗೂ ಹಾಗೆಯೇ ಕಾಣುತ್ತದೆ. ಕೈ ಅಲ್ಲಾಡದಂತೆ ಹಿಡಿದುಕೊಂಡು, ದಾರ ಕಟ್ಟು ಎನ್ನುತ್ತೇನೆ.