ಅತ್ತೆಯ ರಕ್ತಕ್ಕೊಂದು ಪ್ರಿಪರೇಟರಿ

ಪಕ್ಕದ ಮನೆಯ ಮಿಕ್ಸಿಯಲ್ಲಿ ಯಾರೋ ಬೀಟ್‌ರೂಟ್ ರುಬ್ಬುತ್ತಿದ್ದಾರೆ. ಆ ಮಣ್ಣುವಾಸನೆ ಕಿಟಕಿ ದಾಟಿ ಬಂದರೆ ಸಾಕು, ನನಗೆ ಸೋದರತ್ತೆಯ ನೆನಪು. ನಗಬೇಡಿ, ಕಾರಣವಿದೆ.

ಅತ್ತೆ ಪದ್ಮನಾಭನಗರದ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಶೆಡ್ಡಿನಲ್ಲಿ ಕಾರು ಒಂದು ದಿನವೂ ನಿಂತದ್ದಿಲ್ಲ, ಕಾರೇ ಇರಲಿಲ್ಲ. ಅವರ ದನಿ ಮಾತ್ರ ಬಸ್‌ಸ್ಟಾಪಿನವರೆಗೂ ಕೇಳುತ್ತಿತ್ತು. ಅಂಥವರಿಗೆ ಕೆಲವು ವರ್ಷಗಳ ಹಿಂದೆ ಅನ್ನ ಗಂಟಲಿನಿಂದ ಇಳಿಯದೆ ನಿಲ್ಲತೊಡಗಿತು. ಅನ್ನನಾಳದ ಕ್ಯಾನ್ಸರ್ ಎಂದರು. ರೇಡಿಯೇಷನ್ ಕೊಡಬೇಕು, ಅದಕ್ಕೆ ಮುಂಚೆ ರಕ್ತಪರೀಕ್ಷೆ. ರೇಡಿಯೇಷನ್ ಎಷ್ಟು ಕೆಲಸ ಮಾಡೀತು ಎಂಬುದರ ಸುಳಿವು ರಕ್ತದಲ್ಲೇ ಸಿಗಬಹುದಂತೆ.

ನಾನು ಸುಮ್ಮನಿರುವವಳೇ? ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಬೆಳಗ್ಗೆ ಸಂಜೆ ಬೀಟ್‌ರೂಟ್ ರಸ ಮಾಡಿ ಕುಡಿಸಿದೆ. ರಕ್ತಕ್ಕೇ ಟ್ಯೂಷನ್! ಅತ್ತೆ ಮುಖ ಕಿವುಚಿಕೊಂಡು ಗುಟುಕು ಗುಟುಕಾಗಿ ಇಳಿಸಿದರು. ರಿಪೋರ್ಟ್ ಬಂದ ದಿನ ನನ್ನ ಪ್ರತಾಪ ಕೇಳಿ ಡಾಕ್ಟರಮ್ಮ ನಕ್ಕೇಬಿಟ್ಟರು.

“ನಾವು ನೋಡೋದು ಬಿಳಿ ರಕ್ತಕಣ ಮೇಡಂ. ಅದರಲ್ಲಿ ಎರಡು ಬಗೆ, ಅವೆರಡರ ಅನುಪಾತ.”

“ಅನುಪಾತ ತಾನೇ? ಅದನ್ನ ನಾನೇ ಪಾಠ ಮಾಡ್ತೀನಿ,” ಎಂದರು ಅತ್ತೆ. “ಸುತ್ತಿ ಬಳಸಿ ಹೇಳ್ಬೇಡಿ, ನನ್ನದು ಹೇಗಿದೆ?”

ಡಾಕ್ಟರಮ್ಮನ ನಗು ಇಳಿಯಿತು. “ಸ್ವಲ್ಪ ಜಾಸ್ತಿ ಇದೆ. ಹಾಗಿದ್ದವರಲ್ಲಿ ರೇಡಿಯೇಷನ್ ಅಷ್ಟಾಗಿ ಕೆಲಸ ಮಾಡಲ್ಲ ಅಂತ ಕಂಡುಬಂದಿದೆ. ಆದ್ರೆ ಇದೊಂದರಿಂದ್ಲೇ ನಿಮಗೂ ಹಾಗೇ ಆಗತ್ತೆ ಅನ್ನಕ್ಕಾಗಲ್ಲ.”

ನನಗೆ ಅಳು ಬಂತು. ಅತ್ತೆ ನನ್ನ ಕಡೆ ತಿರುಗಿ ಶೆಡ್ಡಿನ ದನಿಯಲ್ಲೇ ಗದರಿದರು: “ಪ್ರಿಪರೇಟರೀಲಿ ಫೇಲಾದ ಒಂದು ಮಗೂಗಾದ್ರೂ ನಾನು ಪಬ್ಲಿಕ್ ಎಕ್ಸಾಮ್ ಬರೀಬೇಡ ಅಂದಿದ್ದೀನೇನೇ?” ಆಮೇಲೆ ಡಾಕ್ಟರಿಗೆ, “ಯಾವತ್ತಿಂದ ಶುರು ಮಾಡ್ತೀರಿ, ಹೇಳಿ.”

ರೇಡಿಯೇಷನ್ನಿನ ದಿನಗಳು ಸುಲಭವಾಗಿರಲಿಲ್ಲ. ಗಂಟಲೆಲ್ಲ ಉರಿ; ನೀರು ನುಂಗಿದರೂ ಕಣ್ಣು ತುಂಬುತ್ತಿತ್ತು. ಸಾಕು ಎಂದುಬಿಟ್ಟಾರೆಂದು ನಾನು ದಿನಾ ಹೆದರಿದೆ. ಅವರು ಒಂದು ದಿನವೂ ಅನ್ನಲಿಲ್ಲ. ಗಡ್ಡೆ ಕರಗಿತು. ಹೇಗೆ ಎಂದು ಡಾಕ್ಟರಮ್ಮನೂ ಖಚಿತವಾಗಿ ಹೇಳಲಿಲ್ಲ. ರಕ್ತದ ಸುಳಿವು ಸುಳ್ಳೆಂದಲ್ಲ. ಅದು ಹಲವರ ಲೆಕ್ಕ, ಅತ್ತೆ ಒಬ್ಬರು.

ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡರು. ಇಷ್ಟು ವರ್ಷವಾದರೂ ನನ್ನ ಕಣ್ಣು ಅವರ ಗಂಟಲ ಮೇಲೇ, ತುತ್ತು ಇಳಿಯಿತೋ ಇಲ್ಲವೋ ಎಂದು.

“ನನ್ನ ಗಂಟಲು ಕಾಯೋದು ಬಿಡೇ, ನಿನ್ನ ತಟ್ಟೇಲಿರೋದು ತಿನ್ನು,” ಎಂದರು.

ತಲೆ ತಗ್ಗಿಸಿ ತಿಂದೆ. ಎದುರಿನಿಂದ ನಿಪ್ಪಟ್ಟಿನ ಕರುಂಕುರುಂ ಸದ್ದು ಬರುತ್ತಲೇ ಇತ್ತು. ನಾನು ತಲೆಯೆತ್ತಿ ನೋಡಲಿಲ್ಲ.