ತುಳಸಿಯ ಮೇಲಿನ ನೊರೆ

ಇದನ್ನು ಬರೆಯಬೇಕೆಂದು ಎಷ್ಟೋ ಮಳೆಗಾಲ ಅಂದುಕೊಂಡಿದ್ದೇನೆ. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು: ಕಣ್ಣಿನ ಪೊರೆ, ಮೊಮ್ಮಗಳ ಮದುವೆ, ಮನೆಗೆ ಸುಣ್ಣ ಬಳಿಯುವ ಕೆಲಸ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ಇವತ್ತು ಬೆಳಿಗ್ಗೆ ಸೇವಂತಿಗೆ ಗಿಡದ ಕವಲಿನಲ್ಲಿ ಮತ್ತೆ ಆ ನೊರೆ ಕಂಡೆ. ಯಾರೋ ಈಗಷ್ಟೇ ಉಗುಳಿ ಹೋದಂತೆ ಬೆಳ್ಳಗೆ, ಗುಳ್ಳೆಗುಳ್ಳೆಯಾಗಿ ಅಂಟಿಕೊಂಡಿತ್ತು.

ಸ್ವಾತಂತ್ರ್ಯಕ್ಕೆ ಕೆಲವು ವರ್ಷ ಮೊದಲಿನ ಮಾತು. ಧಾರವಾಡ ಕಡೆಯವರಾದ ನಾವು ಪುಣೆಯ ಪೇಟೆಯ ಒಂದು ವಾಡೆಯಲ್ಲಿ, ಹಳೆಯ ದೊಡ್ಡ ಮನೆಯೊಂದರಲ್ಲಿ, ಬಾಡಿಗೆಗೆ ಇದ್ದೆವು. ಅಪ್ಪ ಕಚೇರಿಯ ಕಾರಕೂನ. ನಾನು ಹೈಸ್ಕೂಲಿನಲ್ಲಿದ್ದೆ. ಆ ಬೇಸಿಗೆಯಲ್ಲಿ ಅಣ್ಣನ ಮದುವೆಯಾಗಿ ವೈನಿ ಮನೆಗೆ ಬಂದಿದ್ದರು. ಪುಣೆಯ ಮೊದಲ ಮಳೆಗೇ ಅವರಿಗೆ ಕೆಮ್ಮು ಹತ್ತಿತು. ಕೆಮ್ಮೆಂದರೆ ಆಗ ಕ್ಷಯದ ಹೆದರಿಕೆ. ವೈನಿ ಚಹಾ ಕುಡಿಯುವ ಬಟ್ಟಲನ್ನು ಅವ್ವ ಬೇರೆ ಇಟ್ಟಳು.

ನೊರೆಯೊಳಗೆ ಹುಳ ಇರುತ್ತದೆಂದು ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದಿದ್ದೆ. ಅದು ವಸಂತದಲ್ಲಿ ಬರುತ್ತದೆಂದು ಪುಸ್ತಕ ಹೇಳುತ್ತಿತ್ತು. ನಮ್ಮ ಹಿತ್ತಲಿಗೆ ಬಂದದ್ದು ಶ್ರಾವಣದಲ್ಲಿ, ಗೋಡೆಯ ಪಕ್ಕದ ಕಳೆಗಿಡಗಳ ಮೇಲೆ. ನಾನು ಕಡ್ಡಿ ಹಿಡಿದು ಕುಳಿತಿದ್ದಾಗ ವೈನಿ ಬಂದರು.

"ಏನ್ರಿ ಮಾಸ್ತರ, ಗಿಡಕ್ಕ ಸಬಕಾರ ಹಚ್ಚಿ ತೊಳಿಯೋದು ಕಲಿಸ್ಯಾರೇನು ನಿಮ್ಮ ಸಾಲ್ಯಾಗ?"

ಕಡ್ಡಿಯಿಂದ ನೊರೆ ಸರಿಸಿ ತೋರಿಸಿದೆ. ಎಳ್ಳಿನಷ್ಟು ದೊಡ್ಡದಾದ ಒಂದು ತಿಳಿಹಸಿರು ಹುಳ.

"ಅಯ್ಯ, ಬಾಣಂತಿ ಹಂಗ ಹೊದ್ದು ಮಲಗೇದಲ್ರಿ! ಮುಚ್ಚರಿ ಮುಚ್ಚರಿ, ಥಂಡಿ ಹತ್ತೀತು."

"ತಾನ ಮುಚ್ಚಿಕೋತದ, ನೋಡ್ರಿ."

ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆವು. ಹುಳ ಹಿಂಭಾಗವನ್ನು ಅಲ್ಲಾಡಿಸುತ್ತ ಒಂದೊಂದೇ ಗುಳ್ಳೆ ಬಿಡುತ್ತಿತ್ತು. ಕೆಮ್ಮು ಬಂದಾಗ ವೈನಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು, ಹುಳ ಹೆದರೀತೆಂದು. ಮದುವೆಯಾಗಿ ಬಂದ ಮೇಲೆ ಅವರು ಅಷ್ಟು ಹೊತ್ತು ನಿಶ್ಚಿಂತೆಯಿಂದ ಕುಳಿತದ್ದನ್ನು ನಾನು ಅದೇ ಮೊದಲು ಕಂಡದ್ದು.

ಮರುದಿನ ಮಂಗಳವಾರ, ವೈನಿಯ ಮೊದಲ ಮಂಗಳಗೌರಿ ಪೂಜೆ. ಹೊಸ ಸೊಸೆಯೇ ಗಿಡಗಿಡ ಸುತ್ತಿ ಹೂವು, ಪತ್ರಿ ಕೂಡಿಸಬೇಕು. ಅದಕ್ಕಾಗಿ ಅವರು ವಾರದಿಂದ ಕಾಯುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಬೇರೆ ಗಿಡದ ಮೇಲಿಟ್ಟರೂ ಹುಳ ನೊರೆ ಕಟ್ಟುತ್ತದೆಯೇ ನೋಡೋಣವೆಂದು ಬೆಳಗಿನ ಜಾವ ಎದ್ದವನೇ, ಹಾಸಿಗೆಯ ಮೈಲಿಗೆ ಬಟ್ಟೆಯಲ್ಲೇ, ಮೂರು ನಾಲ್ಕು ಹುಳಗಳನ್ನು ತುಳಸಿಯ ಮೇಲೆ ಬಿಟ್ಟೆ. ಸ್ನಾನವಿಲ್ಲದೆ ನಮ್ಮ ಮನೆಯಲ್ಲಿ ತುಳಸಿಕಟ್ಟೆಯ ಹತ್ತಿರವೂ ಯಾರೂ ಹೋಗುತ್ತಿರಲಿಲ್ಲ.

ಅವ್ವ ಸ್ನಾನ ಮುಗಿಸಿ, ಮಡಿಯುಟ್ಟು, ತಂಬಿಗೆ ಹಿಡಿದು ಬರುವ ಹೊತ್ತಿಗೆ ಹುಳಗಳು ತಮ್ಮ ಕೆಲಸ ಮುಗಿಸಿದ್ದವು.

"ಯಾರಿದು, ತುಳಸಿ ಮ್ಯಾಲ ಉಗುಳಿದವರು?"

ಅದೇ ಹೊತ್ತಿಗೆ ವೈನಿ ಹೂಬುಟ್ಟಿ ಹಿಡಿದು, ಕೆಮ್ಮುತ್ತ ಹಿತ್ತಲಿಗೆ ಇಳಿದರು.

"ಕಫಾ ಉಗುಳಲಿಕ್ಕೆ ನಿನಗ ತುಳಸೀನ ಬೇಕಾತೇನವಾ?"

"ನಾ ಅಲ್ರಿ, ಅತ್ತಿ."

ಹಾಗೆಂದವರು ತುಳಸಿಯನ್ನು ನೋಡಿದರು, ಆಮೇಲೆ ನನ್ನನ್ನು. ಅವರಿಗೆ ತಿಳಿದುಹೋಯಿತು. ನಾನು ಬಚ್ಚಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಬಾಯಿ ತುಂಬ ಹಲ್ಲುಪುಡಿಯ ನೊರೆ. ಅದನ್ನು ಉಗುಳಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಹಳವೆಂದರೆ ನನಗೆ ಎರಡು ಏಟು ಬೀಳುತ್ತಿದ್ದವು. ನಾನು ಉಗುಳಲಿಲ್ಲ. ವೈನಿಯೂ ನನ್ನ ಹೆಸರು ಹೇಳಲಿಲ್ಲ. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಅವ್ವ ತುಳಸಿಯನ್ನು ಕಿತ್ತಳು. ಪೂಜೆ ನಿಂತಿತು. ಅವ್ವನ ಮಾತಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತೆಂದು ಈಗ ತಿಳಿಯುತ್ತದೆ. "ತವರಮನ್ಯಾಗ ಔಷಧ ಆಗಲಿ, ಗುಣಾ ಆದ ಮ್ಯಾಲ ಬರಲಿ" ಎಂದಳು. ಅದೇ ವಾರ ಅಣ್ಣ ವೈನಿಯನ್ನು ಧಾರವಾಡಕ್ಕೆ ಬಿಟ್ಟುಬಂದ. ಅಲ್ಲಿಯ ಡಾಕ್ಟರು ಬರೀ ನೆಗಡಿ, ಕೆಮ್ಮು ಎಂದರಂತೆ.

ದೀಪಾವಳಿಗೆ ವೈನಿ ಮರಳಿದರು. ಅವ್ವ ಆರತಿ ಎತ್ತಿ ಒಳಗೆ ಕರೆದುಕೊಂಡಳು, ಬೇರೆಯಿಟ್ಟ ಬಟ್ಟಲನ್ನು ಸದ್ದಿಲ್ಲದೆ ಉಳಿದವುಗಳ ಜೊತೆ ಸೇರಿಸಿದಳು. ಮುಂದೆ ಅತ್ತೆ ಸೊಸೆ ಚೆನ್ನಾಗಿಯೇ ಇದ್ದರು. ಆದರೆ ವೈನಿ ಹಿತ್ತಲಿನ ಗಿಡ ಮುಟ್ಟುವುದನ್ನು ಬಿಟ್ಟರು. "ಹೂವು ನೀವ ತರ್ರಿ, ಮಾಸ್ತರ" ಎಂದು ಬುಟ್ಟಿ ಕೊಡುತ್ತಿದ್ದರು. ದನಿಯಲ್ಲಿ ಸಿಟ್ಟು ಇರುತ್ತಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅವ್ವ ತೀರಿಹೋಗಿ, ನಮ್ಮಿಬ್ಬರ ತಲೆಯೂ ನರೆತ ಮೇಲೆ ಒಂದು ಶ್ರಾವಣದಲ್ಲಿ ವೈನಿಯೇ ನನ್ನನ್ನು ಕೂಗಿದರು.

"ಮಾಸ್ತರ, ಬರ್ರಿಲ್ಲೆ. ನಿಮ್ಮ ಬಾಣಂತಿ ಬಂದಾಳ."

ಕುಂಡದ ಗಿಡದಲ್ಲಿ ನೊರೆ. ನಾನು ಪಕ್ಕದಲ್ಲಿ ನಿಂತೆ. ಅವರು ಕಾದರು. ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಈ ವರ್ಷ ಮಳಿ ಛಲೋ ಆಗೇದ್ರಿ," ಎಂದೆ.

"ಹೌದ್ರಿ, ಭಾಳ ಛಲೋ ಆಗೇದ," ಎಂದು ನಕ್ಕು, ಚಹಾಕ್ಕೆ ನೀರಿಡಲು ಒಳಗೆ ಹೋದರು.

ವೈನಿ ತೀರಿಕೊಂಡು ಈಗ ಬಹಳ ವರ್ಷಗಳಾದವು. ಇವತ್ತಿನ ನೊರೆಯನ್ನು ನಾನು ಕೆದಕಲಿಲ್ಲ. ಪಕ್ಕದಲ್ಲಿ ಒಬ್ಬರು ಕುಕ್ಕರಗಾಲಿನಲ್ಲಿ ಕೂರುವಷ್ಟು ಜಾಗ ಬಿಟ್ಟು ಸ್ವಲ್ಪ ಹೊತ್ತು ಕುಳಿತೆ. ತಪ್ಪಾಯಿತೆಂದು ಈ ಜನ್ಮದಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ, ಕಾಲು ತಾಗಿದ ಅಪರಿಚಿತರಿಗೂ ಹೇಳಿದ್ದೇನೆ. ಹೇಳದೆ ಉಳಿದದ್ದು ಒಬ್ಬರಿಗೆ, ನನ್ನ ವೈನಿಗೆ.